ಸೋಮಪ್ಪನ ಕೀಬೋರ್ಡಿನ ಒಂದನೇ ಗುಂಡಿ

ಪುಕ್ಕಟೆ ಬುದ್ಧಿ ಹೇಳುವವನ ಬಾಯಿ ನೋಡಬಾರದು, ಕೈ ನೋಡಬೇಕು ಎಂಬುದು ದಾಂಡೇಲಿಯ ಸೋಮಪ್ಪನ ಸಿದ್ಧಾಂತ. ಹಾಲಿನವನು ಒಂದು ಹನಿ ಹೆಚ್ಚು ಸುರಿದರೆ ಅವನು ಪಾತ್ರೆಯನ್ನು ಮೂಸುತ್ತಿದ್ದ. ಡಾಕ್ಟರು ಏನೂ ಆಗಿಲ್ಲ ಎಂದರೆ, ಏನೋ ದೊಡ್ಡದೇ ಆಗಿರಬೇಕು, ಅದಕ್ಕೇ ಮುಚ್ಚಿಡುತ್ತಿದ್ದಾರೆ ಎಂದು ಇನ್ನೊಬ್ಬ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಿದ್ದ. ಕಾಗದದ ಕಾರ್ಖಾನೆಯಲ್ಲಿ ಅವನ ಕೆಲಸವೂ ಹಾಗೇ ಇತ್ತು. ಕಟ್ಟು ಕಟ್ಟಿದ ಹಾಳೆಗಳನ್ನು ಬೆಳಕಿಗೆ ಹಿಡಿದು ಎಲ್ಲಿ ತೂತಿದೆ, ಎಲ್ಲಿ ಕಲೆಯಿದೆ ಎಂದು ಹುಡುಕುವುದು. ವರ್ಷಗಟ್ಟಲೆ ಹಾಳೆಗಳನ್ನು ಅನುಮಾನಿಸಿ ಅನುಮಾನಿಸಿ ಅವನಿಗೆ ಮನುಷ್ಯರೂ ಬೆಳಕಿಗೆ ಹಿಡಿದು ನೋಡಬೇಕಾದ ವಸ್ತುಗಳಾಗಿಬಿಟ್ಟಿದ್ದರು.

ಇಂಥವನು ಜೋಯಿಡಾದ ರೊಜಾರಿಯೊನಿಂದ ಹಳೆಯ ಕೀಬೋರ್ಡು ಕೊಂಡದ್ದು ಬಾಯಿ ಜಾರಿದ್ದರಿಂದ. ಅವರ ಓಣಿಯ ವಿಠೋಬನ ಗುಡಿಯ ಭಜನಾ ಮಂಡಳಿಯ ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ತಿಂದುಹಾಕಿತ್ತು. ಪೆಟ್ಟಿಗೆಯಿಲ್ಲದೆ ಭಜನೆ ಹೇಗೆ ಎಂದು ಎಲ್ಲರೂ ತಲೆ ಕೆಳಗೆ ಹಾಕಿ ಕುಳಿತಿದ್ದಾಗ, ಹುಡುಗನಾಗಿದ್ದಾಗ ಸ್ವಲ್ಪ ಪೆಟ್ಟಿಗೆ ಕಲಿತಿದ್ದ ಸೋಮಪ್ಪ ಎದೆ ಮುಂದೆ ಮಾಡಿ, ಪೆಟ್ಟಿಗೆಯಲ್ಲ, ಇಡೀ ಆರ್ಕೆಸ್ಟ್ರಾ ತರುತ್ತೇನೆ ಎಂದುಬಿಟ್ಟ. ಅಂದ ಮೇಲೆ ತರಲೇಬೇಕಾಯಿತು.

ರೊಜಾರಿಯೊ ಮದುವೆಗಳಲ್ಲಿ, ಇಗರ್ಜಿಯಲ್ಲಿ ಕೀಬೋರ್ಡು ನುಡಿಸುವವನು. ಹೊಸದು ಕೊಂಡಿದ್ದರಿಂದ ಹಳೆಯದನ್ನು ಮಾರಲು ಒಪ್ಪಿದ್ದ. ಅಂಗಳದಲ್ಲಿ ಬೆಂಚು ಹಾಕಿ, ಕೀಬೋರ್ಡನ್ನು ಅದರ ಮೇಲೆ ಮಲಗಿಸಿ, ಎಡಗೈಯ ಬೆರಳಿನಿಂದ ಕರಿಬಿಳಿ ಮನೆಗಳಲ್ಲಿ ಒಂದನ್ನು ಮಾತ್ರ ಒತ್ತಿದ. ಢೋಲಕ್ ಬಂತು, ತಾಳ ಬಂತು, ಹಿಂದಿನಿಂದ ಪಿಟೀಲಿನವರ ಒಂದು ದೊಡ್ಡ ಗುಂಪೇ ಬಂತು. ಸೋಮಪ್ಪ ಬೆಂಚಿನ ಕೆಳಗೆ ಬಗ್ಗಿ ನೋಡಿದ. ಅಲ್ಲಿ ಒಂದು ಕೋಳಿ ಬಿಟ್ಟರೆ ಯಾರೂ ಇರಲಿಲ್ಲ.

ವ್ಯಾಪಾರ ಮುಗಿದ ಮೇಲೆ ರೊಜಾರಿಯೊ ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯ ಹಾಗೆ ಬುದ್ಧಿ ಹೇಳಲು ಶುರುಮಾಡಿದ. ಮಳೆಗಾಲದಲ್ಲಿ ಇರುವೆಗಳು ಮನೆಗಳ ಸಂದಿಯಿಂದ ಒಳಗೆ ಹೋಗಿ ಮೊಟ್ಟೆ ಇಡುತ್ತವೆ, ಪ್ರಸಾದದ ಕೈಯಲ್ಲಿ ಮುಟ್ಟಬಾರದು, ನುಡಿಸಿದ ಮೇಲೆ ಬಟ್ಟೆ ಮುಚ್ಚಬೇಕು. ಟಿವಿಯ ವಯರು, ಮೊಬೈಲಿನ ವಯರು ಚುಚ್ಚಬಾರದು, ಇದರ ಅಡಾಪ್ಟರನ್ನೇ ಹಾಕಬೇಕು. ಹಚ್ಚುವಾಗಲೂ ಆರಿಸುವಾಗಲೂ ಧ್ವನಿಯನ್ನು ಪೂರಾ ಇಳಿಸಬೇಕು, ಇಲ್ಲದಿದ್ದರೆ ಸ್ಪೀಕರು ಹರಿಯುತ್ತದೆ. ಭಜನೆಗೆ ಹೊಂದುವ ತಾಳಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿದ್ದೇನೆ, ಅದರದೊಂದು ನಕಲು ಇಟ್ಟುಕೊಳ್ಳಬೇಕು. ಕಾರವಾರದಿಂದ ಹುಬ್ಬಳ್ಳಿಯವರೆಗಿನ ಕೀಬೋರ್ಡಿನವರದೊಂದು ವಾಟ್ಸಾಪ್ ಗುಂಪಿದೆ, ಅದಕ್ಕೆ ಸೇರಿಸುತ್ತೇನೆ, ಏನಾದರೂ ತಿಳಿಯದಿದ್ದರೆ ಅಲ್ಲಿ ಕೇಳಬೇಕು.

ಸೋಮಪ್ಪ ಎಲ್ಲದಕ್ಕೂ ಹೂಂ ಎಂದ; ಒಳಗೆ ಒಂದೊಂದನ್ನೂ ಬೆಳಕಿಗೆ ಹಿಡಿದ. ಮಾರಿ ಕೈತೊಳೆದುಕೊಂಡ ವಸ್ತುವಿಗೆ ಯಾರಾದರೂ ಇಷ್ಟು ಉಪಚಾರ ಮಾಡುತ್ತಾರೆಯೇ? ಅಡಾಪ್ಟರಿನ ಅಂಗಡಿಯಲ್ಲಿ ಇವನದು ಪಾಲಿರಬೇಕು. ಗುಂಪು ಎಂದರೆ ಕಣ್ಣಿಡಲು ಮಾಡಿದ ಕೂಟವಿರಬೇಕು. ಇರುವೆಯಂತೂ ಈಗಾಗಲೇ ಒಳಗೆ ಇರಬೇಕು.

ಕೊನೆಗೆ ರೊಜಾರಿಯೊ ಬಲಗಡೆಯ ನಾಲ್ಕು ಗುಂಡಿಗಳನ್ನು ತೋರಿಸಿದ. ನಮಗೆ ಬೇಕಾದ ಹಾಗೆ ವಾದ್ಯವನ್ನು ಹೊಂದಿಸಿ ಆ ಗುಂಡಿಯಲ್ಲಿ ಉಳಿಸಿಟ್ಟರೆ, ಒತ್ತಿದ ಕೂಡಲೇ ಎಲ್ಲವೂ ಹಾಗೇ ಬರುತ್ತದೆ ಎಂದು ವಿವರಿಸಿದ.

"ಎರಡು, ಮೂರು, ನಾಕು ನಿಮ್ಮವು. ಒಂದನೇದ್ದು ಮಾತ್ರ ಒತ್ತಬ್ಯಾಡ್ರಿ. ಅದು ನಮ್ಮ ಮನ್ಯಾಗಿನವರ ಸಲುವಾಗಿ ಇಟ್ಟದ್ದು. ನಿಮಗ ಉಪಯೋಗಿಲ್ಲ."

ಸೋಮಪ್ಪ ಆ ಒಂದನೇ ಗುಂಡಿಯನ್ನು ನೋಡಿದ. ನಾಲ್ಕರಲ್ಲಿ ಅದೊಂದೇ ಸವೆದು ನುಣುಪಾಗಿತ್ತು. ಉಪಯೋಗವಿಲ್ಲದ ಗುಂಡಿ ಸವೆಯುತ್ತದೆಯೇ? ಒಳ್ಳೆಯ ಮಾಲು ಎಲ್ಲಿದೆ ಎಂಬುದು ಅವನಿಗೆ ಆಗಲೇ ಗೊತ್ತಾಯಿತು.

ಕೀಬೋರ್ಡಿಗೆ ಹಳೆಯ ಚಾದರ ಸುತ್ತಿ, ಸುತಳಿ ಬಿಗಿದು, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅವನು ದಾಂಡೇಲಿಯ ಬಸ್ಸು ಹತ್ತಿದ. ದಾರಿಯ ತಪಾಸಣೆ ಗೇಟಿನಲ್ಲಿ ಫಾರೆಸ್ಟ್ ಗಾರ್ಡು ಒಳಗೆ ಇಣುಕಿದ. ಉದ್ದಕ್ಕೆ ಚಪ್ಪಟೆಯಾಗಿ ಚಾದರ ಸುತ್ತಿದ ವಸ್ತು, ಅದನ್ನು ತಬ್ಬಿ ಕುಳಿತ, ಎಲ್ಲರನ್ನೂ ಓರೆಗಣ್ಣಿನಿಂದ ನೋಡುವ ಮನುಷ್ಯ. ಸಾಗವಾನಿ ಹಲಗೆಯಲ್ಲದೆ ಇನ್ನೇನು? ಬಿಚ್ಚಿ ಎಂದ. ಸೋಮಪ್ಪ ಬಿಚ್ಚಿದ. ಇದು ವಾದ್ಯವೆನ್ನುವುದಕ್ಕೆ ಏನು ಸಾಕ್ಷಿ, ನುಡಿಸಿ ತೋರಿಸು ಎಂದ. ರೊಜಾರಿಯೊ ಕೆಳಗೆ ಬ್ಯಾಟರಿ ಹಾಕಿದ್ದು ಪುಣ್ಯ. ಗಡಿಬಿಡಿಯಲ್ಲಿ ಸೋಮಪ್ಪನ ಬೆರಳು ಹೋದದ್ದು, ಹೋಗಬಾರದೆಂದು ಹೇಳಿಸಿಕೊಂಡ ಕಡೆಗೇ.

ಒಂದನೇ ಗುಂಡಿ ಒತ್ತಿ ಒಂದು ಮನೆ ಮುಟ್ಟಿದ್ದೇ ತಡ, ಕೇಳಿದವರ ಮೈ ಜುಮ್ಮೆನ್ನುವಂಥ ಮೆತ್ತನೆಯ, ತುಂಬಿದ ದನಿ ಬಸ್ಸಿನ ತುಂಬ ಹರಡಿತು. ನಿದ್ದೆ ಮಾಡುತ್ತಿದ್ದ ಮುದುಕಿಯೊಬ್ಬಳು ಎದ್ದು ಕೈ ಮುಗಿದಳು. ಗಾರ್ಡು ಟೊಪ್ಪಿಗೆ ತೆಗೆದ. ಆದರೂ ಕರ್ತವ್ಯ ಬಿಡದೆ, ಒಳಗೆ ಕಟ್ಟಿಗೆ ಏನಾದರೂ ಇದೆಯೇ ಎಂದು ಎರಡು ಸಲ ತಟ್ಟಿ ನೋಡಿ ಬಿಟ್ಟ.

ಅಂದಿನಿಂದ ಸೋಮಪ್ಪ ಉಳಿದ ಮೂರು ಗುಂಡಿಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಈಗ ಜ್ಯೋತಿಬಾ ದಾದಾನ ವಿಷಯ ಹೇಳಬೇಕು. ಸೋಮಪ್ಪನ ಹೆಂಡತಿ ಸಕ್ಕುಬಾಯಿಯ ಅಣ್ಣ ಅವನು. ಬೆಳಗಾವಿ ಕಡೆಯಿಂದ ಕಾರ್ಖಾನೆಗೆ ಬಂದು, ದುಡಿದು, ನಿವೃತ್ತನಾಗಿ ಇಲ್ಲೇ ನೆಲೆಸಿದವನು. ಮಂಡಳಿಯ ಮುಖ್ಯ ಹಾಡುಗಾರ. ಈ ಕಡೆಯ ಭಜನೆಯವರಲ್ಲಿ ಮನುಷ್ಯನ ಘನತೆಯನ್ನು ಅಳೆಯುವುದು ಪೆಟ್ಟಿಗೆಯ ಕರಿ ಮನೆಗಳಿಂದ. ಎಡದಿಂದ ಎಣಿಸಿದರೆ ಕರಿ ಒಂದು, ಕರಿ ಎರಡು, ಹೀಗೆ ಐದು. ಬಲಕ್ಕೆ ಹೋದಷ್ಟೂ ಸುರು, ಅಂದರೆ ಶ್ರುತಿ, ಎತ್ತರ. ಕರಿ ಒಂದರಲ್ಲಿ ಹಾಡುವವನಿಗೆ ಚಹಾ ಕೊಡುತ್ತಾರೆ. ಕರಿ ಮೂರರಲ್ಲಿ ಹಾಡುವವನಿಗೆ ಕುರ್ಚಿ ಕೊಡುತ್ತಾರೆ. ಜ್ಯೋತಿಬಾ ದಾದಾನದು ಕರಿ ನಾಕು. ಅವನು ತಾರಕ ಹಿಡಿದರೆ ಕುಳಗಿ ಕಾಡಿನ ನವಿಲುಗಳು ತಿರುಗಿ ಕೂಗುತ್ತವೆ ಎಂದು ಓಣಿಯವರು ಹೇಳುತ್ತಿದ್ದರು. ಕರಿ ನಾಕು ಬಿಟ್ಟು ಇಳಿದ ದಿನ ಕೈಯ ತಾಳವನ್ನು ವಿಠೋಬನ ಮುಂದೆ ಇಟ್ಟುಬಿಡುತ್ತೇನೆ, ಮತ್ತೆ ಬಾಯಿ ತೆರೆಯುವುದಿಲ್ಲ ಎಂದು ಅವನು ಎಂದೋ ಎಲ್ಲರ ಎದುರು ಆಣೆ ಮಾಡಿದ್ದ.

ಆಣೆ ಮಾಡಿದಾಗ ವಯಸ್ಸಿತ್ತು. ಈಚೆಗೆ ಮೇಲಿನ ಸುರಿಗೆ ಹೋಗುವಾಗ ಅವನ ಕತ್ತಿನ ನರಗಳು ಹಗ್ಗವಾಗುತ್ತಿದ್ದವು, ಕಣ್ಣು ಮಾಳಿಗೆಗೆ ಏರುತ್ತಿದ್ದವು. ಮುಂದೆ ಕುಳಿತವರು ಮಾತಾಡದೆ ನೀರಿನ ತಂಬಿಗೆಯನ್ನು ಹತ್ತಿರ ಸರಿಸುತ್ತಿದ್ದರು. ಇನ್ನು ಎಷ್ಟು ದಿನ ಎಂಬ ಅನುಮಾನ ಎಲ್ಲರಿಗೂ ಇತ್ತು. ಬಾಯಿ ಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಕೀಬೋರ್ಡು ಬಂದ ಮೊದಲ ಶನಿವಾರ ಜ್ಯೋತಿಬಾನೇ ಅದಕ್ಕೆ ಪೂಜೆ ಮಾಡಿದ. ಕಾಯಿ ಒಡೆದ, ಊದುಬತ್ತಿ ಬೆಳಗಿದ, ಎಲ್ಲಿಗೆ ಕುಂಕುಮ ಹಚ್ಚಲಿ ಎಂದು ಒಂದು ಕ್ಷಣ ನೋಡಿ, ನಡುವೆ ಹಣೆಯ ಹಾಗೆ ಕಂಡ ಸಣ್ಣ ಗಾಜಿನ ಕಿಟಕಿಗೆ ಒದ್ದೆ ಅರಿಶಿಣ ಬಳಿದು ಮೇಲೆ ಕುಂಕುಮ ಇಟ್ಟ. ಕೀಬೋರ್ಡು ತನಗೆ ಏನಾಗಿದೆ ಎಂದು ಅಂಕಿಗಳಲ್ಲಿ ಹೇಳಿಕೊಳ್ಳುವ ಜಾಗ ಅದೇ. ಅದರ ಬಾಯಿ ಹೀಗೆ ಮಂಗಳಕರವಾಗಿ ಮುಚ್ಚಿತು.

ಸೋಮಪ್ಪ ಒಂದನೇ ಗುಂಡಿ ಒತ್ತಿ, ಎಲ್ಲರಿಗೂ ಕಾಣುವ ಹಾಗೆ ಬೆರಳು ಎತ್ತಿ ಕರಿ ನಾಕರ ಮೇಲೆ ಇಟ್ಟ. ಜ್ಯೋತಿಬಾ ಎತ್ತಿಕೊಂಡ. ಮೊದಲ ಸಾಲು ದಾಟಿತು, ಎರಡನೆಯದು ದಾಟಿತು, ತಾರಕ ಬಂತು. ನೀರಿನ ತಂಬಿಗೆ ಸರಿಯಿತು. ಆದರೆ ಕತ್ತಿನ ನರ ಏಳಲಿಲ್ಲ, ಕಣ್ಣು ಮಾಳಿಗೆಗೆ ಹೋಗಲಿಲ್ಲ. ದಾದಾ ಜೋಳಿಗೆಯಿಂದ ಹಣ್ಣು ತೆಗೆದ ಹಾಗೆ ಮೇಲಿನ ಸುರನ್ನು ತೆಗೆದು ಸಭೆಯ ಮುಂದೆ ಇಟ್ಟ. ಮತ್ತೊಮ್ಮೆ ತೆಗೆದ. ಬೇಕಾದರೆ ಇನ್ನೂ ಇದೆ ಎಂಬಂತೆ ಮೂರನೆಯ ಸಲವೂ ತೆಗೆದ.

ಓಣಿ ದಂಗಾಯಿತು. ಇದಕ್ಕೆ ಕಾರಣ ಏನಿರಬೇಕೆಂದು ಚರ್ಚೆ ಎದ್ದಿತು. ಪಕ್ಕದ ಮನೆಯ ಗೋದುಬಾಯಿ, ಅಂದು ಮಧ್ಯಾಹ್ನ ದಾದಾನಿಗೆ ತಾನೇ ಜ್ಯೇಷ್ಠಮಧು, ಓಮ, ಮೆಣಸು ಕುದಿಸಿದ ಕಷಾಯ ಕೊಟ್ಟದ್ದನ್ನು ಮೊದಲು ನೆನಪಿಸಿಕೊಂಡಳು, ಆಮೇಲೆ ಎಲ್ಲರಿಗೂ ನೆನಪಿಸಿದಳು. ಮರುದಿನದಿಂದ ಅವಳ ಬಾಗಿಲಿಗೆ ಲೋಟ ಹಿಡಿದ ಜನ ನಿಂತರು. ಶಾಲೆಯಲ್ಲಿ ಒದರಿ ಒದರಿ ಗಂಟಲು ಹೋದ ರಾಜಶ್ರೀ ಟೀಚರು ಬಂದರು, ತರಕಾರಿ ಮಾರುವವರು ಬಂದರು. ಯಾರ ದನಿಯೂ ಏರಲಿಲ್ಲ, ಕೆಲವರ ಹೊಟ್ಟೆ ಮಾತ್ರ ಇಳಿಯಿತು. ಅವರಿಗೆ ಭಕ್ತಿ ಕಡಿಮೆ ಎಂದಳು ಗೋದುಬಾಯಿ.

ಸೋಮಪ್ಪನಿಗೆ ಕಷಾಯದ ಮೇಲೂ ಅನುಮಾನ, ಗೋದುಬಾಯಿಯ ಮೇಲೂ ಅನುಮಾನ. ಒಂದು ಲೋಟ ತಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಕಷಾಯದ ಆಚೆ ಏನೂ ಕಾಣಲಿಲ್ಲ.

ಕುಂಕುಮವನ್ನು ಒರೆಸಿ ಗಾಜು ನೋಡಬೇಕೆಂದು ಅವನಿಗೆ ಎರಡು ಮೂರು ಸಲ ಅನಿಸಿತ್ತು. ಸಕ್ಕುಬಾಯಿ ಬಿಡಲಿಲ್ಲ. ದಾದಾನ ಕೈಯಿಂದ ಪೂಜೆಯಾದ ಕುಂಕುಮ ತಾನಾಗಿ ಉದುರಬೇಕು, ಒರೆಸಿದರೆ ಮನೆಗೆ ಒಳ್ಳೆಯದಲ್ಲ ಎಂದಳು. ಅರಿಶಿಣ ಒಣಗಿ ಸಿಪ್ಪೆಯಾಗಿ ಅದು ಉದುರುವ ಹೊತ್ತಿಗೆ ಮಳೆ ಬಂದು ಹೋಗಿತ್ತು. ಒಂದು ಬೆಳಿಗ್ಗೆ ಬಟ್ಟೆ ತೆಗೆದು, ವಾದ್ಯ ಹಚ್ಚಿ ಒಂದನೇ ಗುಂಡಿ ಒತ್ತಿದರೆ ಗಾಜಿನಲ್ಲಿ ಒಂದು ಅಡ್ಡಗೆರೆ, ಅದರ ಮುಂದೆ ಮೂರು.

ಮೂರು ಕಡಿಮೆ. ಏನು ಮೂರು ಕಡಿಮೆ? ರೊಜಾರಿಯೊ ಮೂರು ಸಾಮಾನು ಒಳಗಿನಿಂದ ತೆಗೆದುಕೊಂಡು ಮಾರಿದ್ದಾನೆ ಎಂಬುದರಲ್ಲಿ ಸೋಮಪ್ಪನಿಗೆ ಸಂದೇಹ ಉಳಿಯಲಿಲ್ಲ. ಮನೆಗಳನ್ನೆಲ್ಲ ಎಣಿಸಿದ, ಸರಿಯಿದ್ದವು. ಕೆಳಗಿನ ತಿರುಪು ಎಣಿಸಿದ, ಮೊದಲು ಎಷ್ಟಿದ್ದವೆಂದು ಗೊತ್ತಿಲ್ಲದ್ದರಿಂದ ಅದೂ ಉಪಯೋಗವಾಗಲಿಲ್ಲ. ಕಡೆಗೆ ಗಾಜಿನ ಫೋಟೋ ತೆಗೆದು, ಕಣ್ಣಿಡಲು ಮಾಡಿದ ಕೂಟವೆಂದು ತಾನೇ ನಂಬಿದ್ದ ಆ ವಾಟ್ಸಾಪ್ ಗುಂಪಿಗೆ ಹಾಕಿ, ಇದು ಏನು ಎಂದು ಕೇಳಿದ. ಒಬ್ಬರು ಶುಭೋದಯದ ಗುಲಾಬಿ ಕಳಿಸಿದರು. ಒಬ್ಬರು ಆರಿಸಿ ಹಚ್ಚಿ ಎಂದರು. ಹಳಿಯಾಳದ ಕಿರಣಕುಮಾರ ಎಂಬ ಮದುವೆ ಬ್ಯಾಂಡಿನವನು ಬಿದ್ದು ಬಿದ್ದು ನಗುವ ಮುಖವೊಂದನ್ನು ಹಾಕಿದ. ರೊಜಾರಿಯೊ ಮಾತ್ರ ಫೋನನ್ನೇ ಮಾಡಿದ.

"ಒಂದನೇ ಗುಂಡಿ ಒತ್ತಬ್ಯಾಡ್ರಿ ಅಂತ ಹೇಳಿದ್ನೆಲ್ಲರಿ. ನನ್ನ ಹೇಣ್ತಿ ಕ್ರಿಸ್ತಿನಾಗ ಗಂಟಲ ತ್ರಾಸ ಐತಿ, ಎತ್ತರ ಹೋಗಾಕ ಆಗೂದಿಲ್ಲ. ಅಕಿ ಸಲುವಾಗಿ ಮೂರು ಮನಿ ಇಳಿಸಿಟ್ಟೇನಿ ಅದರಾಗ. ನೀವು ಎಲ್ಲೆ ಬೆರಳ ಇಟ್ರೂ ಅದು ಮೂರು ಮನಿ ಕೆಳಗ ಹಾಡತೈತಿ."

ಸೋಮಪ್ಪ ಫೋನನ್ನು ಕೆಳಗಿಟ್ಟು ಬಹಳ ಹೊತ್ತು ಕರಿ ನಾಕನ್ನು ನೋಡುತ್ತ ಕುಳಿತ. ಅಂದರೆ ಇಷ್ಟು ದಿನ ಬೆರಳು ಕರಿ ನಾಕರ ಮೇಲೆ, ಸುರು ಎಲ್ಲೋ ಬಿಳಿ ಮನೆಯ ಅಂಗಳದಲ್ಲಿ. ಜ್ಯೋತಿಬಾ ದಾದಾ ಆಣೆ ಮುರಿದು ಎಷ್ಟೋ ಶನಿವಾರಗಳಾಗಿದ್ದವು. ಮುರಿದದ್ದು ಅವನಿಗೇ ಗೊತ್ತಿರಲಿಲ್ಲ. ಮುರಿಸಿದವನು ತಾನು.

ಹೆಂಡತಿಗೆ ಹೇಳಿದ. ಸಕ್ಕುಬಾಯಿ ಅನ್ನದ ಪಾತ್ರೆಯನ್ನು ಒಲೆಯಿಂದ ಇಳಿಸಿ ನಿಧಾನವಾಗಿ ಅವನ ಕಡೆ ತಿರುಗಿದಳು. ತನ್ನ ಗಂಡ ಬೇಕೆಂದೇ ತನ್ನ ತವರಿನ ಮಾನವನ್ನು ಮೂರು ಮನೆ ಇಳಿಸಿದ್ದಾನೆ ಎಂಬ ಅನುಮಾನ ಅವಳ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು.

"ನಮ್ಮ ದಾದಾಗ ಹಾಡು ಅಂದ್ರ ಉಸರು. ನಿಮ್ಮ ಡಬ್ಬಿ ಸಲುವಾಗಿ ಅಂವ ತಾಳ ಕೆಳಗ ಇಟ್ಟ ಅಂದ್ರ, ನೀವು ಈ ಮನ್ಯಾಗ ಉಣ್ಣಾಕ ತಾಟ ಇಡಬ್ಯಾಡ್ರಿ."

ಹೇಳಿದರೆ ದಾದಾ ಹಾಡು ಬಿಡುತ್ತಾನೆ. ಹೇಳದಿದ್ದರೆ ವಿಠೋಬನ ಮುಂದೆ ಪ್ರತಿ ಶನಿವಾರ ಮೋಸ. ಸೋಮಪ್ಪ ನಡುವಿನ ದಾರಿ ಹುಡುಕಿದ. ಯಾರಿಗೂ ಹೇಳದೆ ಬುಧವಾರದ ತಾಲೀಮಿನ ದಿನ ಎರಡನೇ ಗುಂಡಿ ಒತ್ತಿಬಿಟ್ಟರೆ? ಕಷಾಯ ನಿಜವಾಗಿಯೂ ಗುಣ ಮಾಡಿರಲೂಬಹುದಲ್ಲ.

ಬುಧವಾರ ಎರಡನೇ ಗುಂಡಿ ಒತ್ತಿ ಕರಿ ನಾಕರ ಮೇಲೆ ಬೆರಳಿಟ್ಟ. ಜ್ಯೋತಿಬಾ ಎತ್ತಿಕೊಂಡ. ಮೊದಲ ಸಾಲಿಗೇ ನರ ಎದ್ದಿತು, ಎರಡನೇ ಸಾಲಿಗೆ ದನಿ ಹರಿದ ಹಾಳೆಯಂತೆ ಪರ್ರೆಂದಿತು. ಅವನು ಕೆಮ್ಮಿದ. ತಂಬಿಗೆ ಎತ್ತಿ ನೀರು ಕುಡಿದ. ಆಮೇಲೆ ಸೋಮಪ್ಪನ ಬೆರಳನ್ನು ನೋಡಿದ, ಕೀಬೋರ್ಡನ್ನು ನೋಡಿದ, ಮತ್ತೆ ಸೋಮಪ್ಪನ ಮುಖವನ್ನು ನೋಡಿದ. ಕುಳಿತವರು ಗಾಬರಿಯಾಗಿ ಕಾರಣ ಹುಡುಕಿದರು. ಸಿಕ್ಕಿತು: ಗೋದುಬಾಯಿ ಅಂದು ತಂಗಿಯನ್ನು ಕರೆದುಕೊಂಡು ಮುಂಡಗೋಡ ಸಂತೆಗೆ ಹೋಗಿದ್ದಳು, ಕಷಾಯ ತಪ್ಪಿತ್ತು. ಸಂತೆ ಮುಖ್ಯವೋ ಭಜನೆ ಮುಖ್ಯವೋ ಎಂದು ಮರುದಿನ ಅವಳನ್ನು ಹಿರಿಯರು ಕೇಳಿದರು. ಶನಿವಾರ ಕಷಾಯವೂ ಬಂತು, ಸೋಮಪ್ಪನ ಬೆರಳೂ ಒಂದನೇ ಗುಂಡಿಗೆ ಮರಳಿತು, ದಾದಾನ ದನಿಯೂ ಮರಳಿತು. ಗೋದುಬಾಯಿಗೆ ಇನ್ನು ಊರು ಬಿಟ್ಟು ಹೋಗುವ ಸ್ವಾತಂತ್ರ್ಯ ಉಳಿಯಲಿಲ್ಲ.

ಇಷ್ಟರಲ್ಲಿ ಹಳಿಯಾಳದ ಸಪ್ತಾಹ ಬಂತು. ಸುತ್ತಲಿನ ಮಂಡಳಿಗಳೆಲ್ಲ ಸೇರಿ ಏಳು ದಿನ ಭಜನೆ ಮಾಡಿ, ಕೊನೆಯ ದಿನ ಮಧ್ಯಾಹ್ನ ಮೊಸರಿನ ಗಡಿಗೆ ಒಡೆಯುವ ಮುಂಚೆ ಒಬ್ಬನಿಂದ ಕೊನೆಯ ಅಭಂಗ ಹಾಡಿಸುವುದು ಪದ್ಧತಿ. ಆ ಹಾಡು ಎಲ್ಲರಿಗಿಂತ ಎತ್ತರದ ಸುರು ಇದ್ದವನಿಗೆ ಸಲ್ಲಬೇಕು. ವರ್ಷಗಳಿಂದ ಅದು ಜ್ಯೋತಿಬಾನದು. ಅವನ ಕೆಳಗಿನ ಮೆಟ್ಟಿಲಲ್ಲಿ ವರ್ಷಗಳಿಂದ ನಿಂತವನು ಹಳಿಯಾಳದ ಸಿದ್ದಲಿಂಗ. ಅವನದು ಕರಿ ಮೂರು. ಕುರ್ಚಿ ಸಿಕ್ಕಿತ್ತು, ಕೊನೆಯ ಅಭಂಗ ಸಿಕ್ಕಿರಲಿಲ್ಲ.

ಕಿರಣಕುಮಾರನ ನಗುವ ಮುಖ ಫೋನಿನಿಂದ ಇಳಿದು ಸಿದ್ದಲಿಂಗನ ಕಟ್ಟೆಗೆ ಹೋಗಿತ್ತು. ಕೊನೆಯ ದಿನ ಜ್ಯೋತಿಬಾ ಹಾಡಲು ಎದ್ದು ನಿಂತಾಗ ಸಿದ್ದಲಿಂಗನೂ ಎದ್ದ. ತನ್ನ ತಂದೆಯ ಕಾಲದ ಹಾರ್ಮೋನಿಯಮ್ಮನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ತಂದು ನಡುವೆ ಇಟ್ಟ. ದಾಂಡೇಲಿಯವರ ಡಬ್ಬಿ ಸುರು ಕದಿಯುತ್ತದೆ, ಕಿರಣಕುಮಾರ ಫೋಟೋದಲ್ಲಿ ನೋಡಿದ್ದಾನೆ, ತಾಳೆ ಹಾಕಿ ನೋಡದೆ ಹಾಡಿಸಬಾರದು ಎಂದ. ಕಿರಣಕುಮಾರ ಎಲ್ಲಿ ಎಂದು ಕೇಳಿದರೆ, ಅವನು ಮುಂಡಗೋಡದಲ್ಲಿ ಮದುವೆ ಬಾರಿಸಲು ಹೋಗಿದ್ದ.

ನ್ಯಾಯಕ್ಕೆ ಕುಳಿತವನು ಗುಡಿಯ ಹಿರಿಯ ದುರ್ಗಪ್ಪ. ಬದುವಿನ ಜಗಳ, ಗಂಡಹೆಂಡಿರ ಜಗಳ, ಕೋಣ ಹೊಲ ಮೇಯ್ದ ಜಗಳ ಎಲ್ಲವನ್ನೂ ಬಗೆಹರಿಸಿದವನು. ಸುರಿನ ಜಗಳ ಇದೇ ಮೊದಲು. ಅವನು ಎರಡೂ ವಾದ್ಯಗಳನ್ನು ಅಕ್ಕಪಕ್ಕ ಇಡಿಸಿ, ಇಬ್ಬರೂ ಒಟ್ಟಿಗೆ ಕರಿ ನಾಕು ಒತ್ತಿರಿ ಎಂದ.

ಒತ್ತಿದರು. ಹಾರ್ಮೋನಿಯಮ್ಮು ಮೇಲೆ ಕೂಗಿತು, ಒಂದನೇ ಗುಂಡಿಯ ಮೇಲಿದ್ದ ಕೀಬೋರ್ಡು ಕೆಳಗೆ ಗುನುಗಿತು. ಎರಡೂ ಸೇರಿ, ಒಂದೇ ಬಾಗಿಲಿನಲ್ಲಿ ಇಬ್ಬರು ಸೊಸೆಯಂದಿರು ಸಿಕ್ಕಿಕೊಂಡಂಥ ಸದ್ದಾಯಿತು. ಮುಂದೆ ಕುಳಿತ ನಾಯಿ ಎದ್ದು ಹೋಯಿತು.

"ಎರಡರಾಗ ಒಂದು ಸುಳ್ಳ ಹೇಳಾಕತ್ತೈತಿ," ಎಂದ ದುರ್ಗಪ್ಪ. ಆಮೇಲೆ ಸೋಮಪ್ಪನ ಕಡೆ ತಿರುಗಿ, "ತಮ್ಮಾ, ವಿಠೋಬನ ಕಡೆ ಮಾರಿ ಮಾಡಿ ಹೇಳು. ಜ್ಯೋತಿಬಾ ಹಾಡುವಾಗ ನೀ ಯಾವ ಮನಿ ಒತ್ತೀದಿ?"

ಸೋಮಪ್ಪನ ಜೀವಮಾನದಲ್ಲಿ ಅವನು ಇತರರನ್ನು ನೋಡುತ್ತಿದ್ದ ಕಣ್ಣುಗಳಿಂದ ಊರೆಲ್ಲ ಅವನನ್ನು ನೋಡಿದ್ದು ಅದೇ ಮೊದಲು. ಹೆಂಗಸರ ಸಾಲಿನಲ್ಲಿ ಸಕ್ಕುಬಾಯಿ ಸೆರಗನ್ನು ಬಿಗಿಯಾಗಿ ಹೊದ್ದು ಕುಳಿತಿದ್ದಳು. ಜ್ಯೋತಿಬಾ ಕಣ್ಣು ಮುಚ್ಚಿ, ತಾಳದ ದಾರವನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

"ಕರಿ ನಾಕು ಒತ್ತೇನ್ರಿ," ಎಂದ ಸೋಮಪ್ಪ. ಅದು ನಿಜವಾಗಿತ್ತು. ನಿಜ ಹೇಳುವಾಗ ಇಷ್ಟು ಬೆವರು ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಹಾಗಾದರೆ ತಪ್ಪು ಪೆಟ್ಟಿಗೆಯದೇ ಎಂದು ದಾಂಡೇಲಿಯವರು ಗದ್ದಲ ಹಾಕಿದರು. ಆ ಹಾರ್ಮೋನಿಯಮ್ಮು ಹೋದ ವರ್ಷ ರಿಪೇರಿಗೆ ಹೋಗಿ ಬಂದಿದೆ, ಅದರೊಳಗಿನ ಹಿತ್ತಾಳೆಯ ನಾಲಿಗೆಗಳನ್ನು ಯಾರು ಹೇಗೆ ತಿಕ್ಕಿದರೋ. ಅದಕ್ಕೆ ವಯಸ್ಸೂ ಆಗಿದೆ. ಯಂತ್ರಕ್ಕೆ ಗಂಟಲಿಲ್ಲ, ವಯಸ್ಸಿಲ್ಲ, ಅದೇಕೆ ಸುಳ್ಳು ಹೇಳೀತು? ಹಳಿಯಾಳದವರಲ್ಲೂ ಕೆಲವರು ತಲೆಯಾಡಿಸಿದರು. ಸಿದ್ದಲಿಂಗ ತಂದೆಯ ಪೆಟ್ಟಿಗೆಯ ಮೇಲೆ ಕೈಯಿಟ್ಟು, ಇದು ಸುಳ್ಳು ಹೇಳುವುದಿಲ್ಲ ಎಂದ. ಆದರೆ ಹೇಳುವಾಗ ಅವನ ಕಣ್ಣಲ್ಲೂ ಪೆಟ್ಟಿಗೆಯ ಬಗ್ಗೆ ಸಣ್ಣದೊಂದು ಅನುಮಾನ ಹೊಕ್ಕಿತ್ತು.

ದುರ್ಗಪ್ಪ ಕೈಯೆತ್ತಿ ಸುಮ್ಮನಾಗಿಸಿ, ಕೀಬೋರ್ಡು ಖರೆ, ಪೆಟ್ಟಿಗೆ ಖೋಟಾ ಎಂದು ತೀರ್ಪು ಕೊಟ್ಟ. ದಾಂಡೇಲಿಯವರು ಜೈಕಾರ ಹಾಕಿದರು. ಸೋಮಪ್ಪ ಉಸಿರು ಬಿಟ್ಟ. ಆದರೆ ದುರ್ಗಪ್ಪ ಅರ್ಧಕ್ಕೆ ನ್ಯಾಯ ಬಿಡುವವನಲ್ಲ. ಖೋಟಾ ಎಷ್ಟು ಖೋಟಾ ಎಂದು ಅಳೆಯಬೇಕಲ್ಲ. ಕೀಬೋರ್ಡಿನ ಒಂದೊಂದೇ ಮನೆ ಒತ್ತಿಸುತ್ತ ಮೇಲೆ ಹೋದ. ಮೂರು ಮನೆ ಮೇಲೆ ಹೋದಾಗ ಎರಡರ ದನಿಯೂ ಹೊಂದಿತು.

"ಹಂಗಂದ್ರ ಪೆಟಿಗಿ ಮೂರು ಮನಿ ಮ್ಯಾಲ ಐತಿ," ಎಂದ ದುರ್ಗಪ್ಪ ಬೆರಳು ಮಡಿಸುತ್ತ. "ಸಿದ್ದಲಿಂಗ, ನೀ ಈ ಪೆಟಿಗೀಲೇ ಕರಿ ಮೂರು ಹಾಡ್ತೀದಿ, ಹೌದಿಲ್ಲೋ? ಅದಕ್ಕ ಮೂರು ಮನಿ ಕೂಡಸು."

ಸಿದ್ದಲಿಂಗ ತನ್ನ ಪೆಟ್ಟಿಗೆಯ ಮೇಲೆ ಕರಿ ಮೂರರಿಂದ ಎಣಿಸಿದ. ಬಿಳಿ, ಕರಿ, ಬಿಳಿ. ಎರಡನೆಯ ಎಣಿಕೆಗೆ ಬೆರಳು ಕರಿ ನಾಕನ್ನು ಮುಟ್ಟಿತು, ಮೂರನೆಯದಕ್ಕೆ ಅದನ್ನು ದಾಟಿ ಆಚೆಯ ಬಿಳಿ ಮನೆಗೆ ಇಳಿಯಿತು.

ಇಷ್ಟು ವರ್ಷ ಕುರ್ಚಿಯ ಮೇಲೆ ಕುಳಿತು ಹೊಟ್ಟೆಕಿಚ್ಚು ಪಟ್ಟ ಸಿದ್ದಲಿಂಗ ಜ್ಯೋತಿಬಾನಿಗಿಂತ ಎತ್ತರ ಹಾಡುತ್ತಿದ್ದ. ಅವನಿಗೇ ಗೊತ್ತಿರಲಿಲ್ಲ, ಅಷ್ಟೇ. ಕೀಬೋರ್ಡು ಖರೆ ಎಂದು ಗಂಟಲು ಹರಿದುಕೊಂಡಿದ್ದ ದಾಂಡೇಲಿಯವರು ಈಗ ಅದು ಖೋಟಾ ಎಂದು ಹೇಗೆ ಹೇಳುವುದೆಂದು ಒಬ್ಬರ ಮುಖ ಒಬ್ಬರು ನೋಡಿದರು. ಹೇಳಿದರೆ ದಾದಾನ ಕರಿ ನಾಕು ಹೋಯಿತು. ಹೇಳದಿದ್ದರೆ ಕೊನೆಯ ಅಭಂಗ ಹೋಯಿತು. ಸಕ್ಕುಬಾಯಿ ಗಂಡನ ಕಡೆ ನೋಡಿದ ನೋಟದಲ್ಲಿ ತಾಟಿನ ಮಾತು ಇನ್ನೂ ಹಾಗೇ ಇತ್ತು.

ದುರ್ಗಪ್ಪ ಕೊನೆಯ ಅಭಂಗವನ್ನು ಸಿದ್ದಲಿಂಗನಿಗೆ ಕೊಟ್ಟ. ಹಳಿಯಾಳದವರು ಅವನ ಕೊರಳಿಗೆ ಹಾರ ಹಾಕಿದರು. ಸಿದ್ದಲಿಂಗ ನಡುವೆ ಬಂದು ನಿಂತ. ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. ಮಾಳಿಗೆಯ ತುದಿಯಲ್ಲಿ ಕತ್ತಲಲ್ಲಿ ಓಡಾಡುತ್ತಿದ್ದವನಿಗೆ ಯಾರೋ ದೀಪ ಹಚ್ಚಿ ಕೆಳಗೆ ತೋರಿಸಿದಂತಾಗಿತ್ತು.

"ಅಷ್ಟು ಮ್ಯಾಲ ಹಾಡ್ತೇನೇನ ನಾ?" ಎಂದು ಅವನು ಮೆಲ್ಲಗೆ ಪಕ್ಕದವನನ್ನು ಕೇಳಿದ, ಗಂಟಲನ್ನು ಹೊರಗಿನಿಂದ ಮುಟ್ಟಿ ನೋಡಿಕೊಂಡ. ಇಷ್ಟು ವರ್ಷ ಈ ಗಂಟಲು ತನಗೆ ಹೇಳದೆ ಇಂಥ ಸಾಹಸ ಮಾಡುತ್ತಿತ್ತೇ? ಎಲ್ಲಿಯಾದರೂ ನರ ಗಿರ ಹರಿದಿದ್ದರೆ?

ಅದೇ ತಂದೆಯ ಪೆಟ್ಟಿಗೆ, ಅದೇ ಕರಿ ಮೂರು, ದಿನವೂ ಹಾಡುವ ಸುರೇ. ಬಾಯಿ ತೆರೆದ. ಮೊದಲ ಅಕ್ಷರ ಬಂತು, ಎರಡನೆಯದು ನಡುಗಿತು, ಮೂರನೆಯದು ಬರಲೇ ಇಲ್ಲ. ಬಿಸಿನೀರು ತಂದರು. ಕುಡಿದು ಮತ್ತೆ ಎತ್ತಿಕೊಂಡ. ಈ ಸಲ ಮೊದಲ ಅಕ್ಷರವೂ ಹೊರಬರಲು ಹೆದರಿತು. ಯಾರೋ ಗೋದುಬಾಯಿಯನ್ನು ಕರೆದುಕೊಂಡು ಬರಬೇಕಿತ್ತು ಎಂದರು. ಮೊಸರಿನ ಗಡಿಗೆ ಬಿಸಿಲಲ್ಲಿ ತೂಗುತ್ತ ಹುಳಿಯಾಗುತ್ತಿತ್ತು. ಸಿದ್ದಲಿಂಗ ಹಾರ ತೆಗೆದು ಜ್ಯೋತಿಬಾನ ಮುಂದೆ ಇಟ್ಟು, ಇಷ್ಟು ಎತ್ತರ ನನಗೆ ಬೇಡಪ್ಪ, ನೀನೇ ಹಾಡು ಎಂದು ಕೈ ಮುಗಿದ.

ಸೋಮಪ್ಪನ ಬೆರಳು ಒಂದನೇ ಗುಂಡಿ ಒತ್ತಿತು, ಎಲ್ಲರಿಗೂ ಕಾಣುವಂತೆ ಎದ್ದು ಕರಿ ನಾಕರ ಮೇಲೆ ಕುಳಿತಿತು. ಜ್ಯೋತಿಬಾ ಕೊನೆಯ ಅಭಂಗ ಹಾಡಿದ. ಎಂಥ ಹಾಡದು ಎಂದರೆ ಹಳಿಯಾಳದವರೇ ಹಿಂದೆ ದನಿಗೂಡಿಸಿದರು. ಕೂಡಿಸುವುದು ಇಷ್ಟು ಸುಲಭವಾದದ್ದು ಹೇಗೆಂದು ಯಾರೂ ಕೇಳಲಿಲ್ಲ. ದುರ್ಗಪ್ಪ ಕಣ್ಣೊರೆಸಿಕೊಂಡ. ಗಡಿಗೆ ಒಡೆಯಿತು.

ದಾಂಡೇಲಿಗೆ ಮರಳುವ ಟೆಂಪೋದಲ್ಲಿ ಜನ ಮೊಸರು ಮೆತ್ತಿದ ಮೈಯಲ್ಲಿ ಹಾಡುತ್ತ, ನಗುತ್ತ ಕ್ಯಾಬಿನ್ನಿನ ಕಡೆ ತುಂಬಿಕೊಂಡಿದ್ದರು. ಹಿಂದಿನ ಹಲಗೆಯ ಬಳಿ ಸೋಮಪ್ಪ ಚಾದರ ಸುತ್ತಿದ ಕೀಬೋರ್ಡನ್ನು ತಬ್ಬಿ ಕುಳಿತಿದ್ದ. ಜ್ಯೋತಿಬಾ ದಾದಾ ಎದ್ದು ಬಂದು ಅವನ ಪಕ್ಕವೇ ಕುಳಿತ. ದಾದಾ ತೇಗದ ಮರಗಳು ಒಂದೊಂದಾಗಿ ಹಿಂದೆ ಸರಿಯುವುದನ್ನು ನೋಡುತ್ತಿದ್ದ. ಈಗ ಕೇಳುತ್ತಾನೆ, ಕೇಳಿದರೆ ಏನು ಹೇಳಲಿ ಎಂದು ಸೋಮಪ್ಪ ಹತ್ತು ಸುಳ್ಳು ಹೊಂದಿಸಿಕೊಂಡ, ಹತ್ತರಲ್ಲೂ ತೂತು ಕಂಡಿತು.

"ಸೋಮಪ್ಪ," ಎಂದ ಜ್ಯೋತಿಬಾ, ಮುಖ ರಸ್ತೆಯ ಕಡೆಗೇ ಇಟ್ಟು, ಪಕ್ಕದವನಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ. "ಮುಂದಿನ ಶನಿವಾರದಿಂದ ಇನ್ನೂ ಒಂದು ಮನಿ ಇಳಸು."

ಸೋಮಪ್ಪನ ಬೆರಳು ಚಾದರದ ಮೇಲಿನಿಂದಲೇ ಒಂದನೇ ಗುಂಡಿಯನ್ನು ಹುಡುಕಿತು.

"ಬೆರಳು ಮಾತ್ರ," ಎಂದ ದಾದಾ, "ಕರಿ ನಾಕರ ಮ್ಯಾಲೇ ಇರ್ಲಿ."